ರೇಷನ್ ಅಂಗಡಿ ವಿಮರ್ಶೆ: ಅಕ್ಕಿ ಕೊಟ್ಟಾಗ, ದುಡ್ಡು ಕೊಟ್ಟಾಗ

ತುಮಕೂರಿನ ನಮ್ಮ ಬಡಾವಣೆಯ ನ್ಯಾಯಬೆಲೆ ಅಂಗಡಿಗೆ ನಾನು ಕೊಡುವುದು 5ಕ್ಕೆ 3.5. ತೂಕ ಸರಿಯಾಗಿದೆ. ತಕ್ಕಡಿಯ ಮುಖ ನಮ್ಮ ಕಡೆಗೇ ಇರುತ್ತದೆ, ಚೀಲ ಇಡುವ ಮುಂಚೆ ಸೊನ್ನೆ ತೋರಿಸುತ್ತಾರೆ.

ಗೋಳು ಇರುವುದು ಹೆಬ್ಬೆಟ್ಟಿನದು. ನಾನು ಬ್ಲೌಸ್ ಹೊಲಿಯುವವಳು. ಸೂಜಿ, ಕತ್ತರಿ ಹಿಡಿದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಅಂಗಡಿಯ ಬೆರಳಚ್ಚು ಮಷಿನ್ ಮೇಲೆ ಒತ್ತಿದರೆ ಕೆಂಪು ದೀಪ. "ಸೀರೆಗೆ ಒರೆಸಿ ಇನ್ನೊಂದ್ಸಲ ಇಡಕ್ಕಾ" ಅನ್ನುತ್ತಾರೆ ಅಂಗಡಿಯವರು. ಅಷ್ಟರಲ್ಲಿ ಸರ್ವರ್ ಹೋಗಿರುತ್ತದೆ. ಅರ್ಧ ಸ್ಟಾರ್ ಹೋಗಿದ್ದು ಅಲ್ಲೇ.

ಇನ್ನು ಅಸಲು ವಿಷಯ, ಮಿಕ್ಕ ಒಂದು ಸ್ಟಾರ್ ಹೋಗಿದ್ದು ಇದಕ್ಕೆ. ಅನ್ನಭಾಗ್ಯದಲ್ಲಿ ತಿಂಗಳಿಗೆ ತಲೆಗೆ 10 ಕೆಜಿ ಅಕ್ಕಿ ಅಂದಿದ್ದರು. ರಾಜ್ಯಕ್ಕೆ ಅಕ್ಕಿ ಮಾರಲು ಕೇಂದ್ರ ಒಪ್ಪಲಿಲ್ಲ. ಹಾಗಾಗಿ 2023ರ ಜುಲೈನಿಂದ ಹೆಚ್ಚುವರಿ 5 ಕೆಜಿಯ ಬದಲು, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ನಾವು ನಾಲ್ಕು ಜನ, 680 ರೂಪಾಯಿ. ಕಾರ್ಡಿನಲ್ಲಿ ಯಜಮಾನಿ ನಮ್ಮತ್ತೆ, ದುಡ್ಡೂ ಅವರ ಖಾತೆಗೇ. ಬಂತೋ ಇಲ್ಲವೋ ನೋಡಲು ಪಾಸ್‌ಬುಕ್ ಹಿಡಿದು ಆಟೋ ಹತ್ತಬೇಕು. ಕಿರಾಣಿ ಅಂಗಡಿಯಲ್ಲಿ ಸೋನಾ ಮಸೂರಿ ಆಗಲೇ 50 ದಾಟಿತ್ತು. ರೇಷನ್ ಅಕ್ಕಿಗಿಂತ ಅದು ಚೆನ್ನಾಗಿರುತ್ತದೆ, ಒಪ್ಪೋಣ. ಆದರೆ 20 ಕೆಜಿ ಬರಬೇಕಿದ್ದ ಜಾಗದಲ್ಲಿ 13 ಕೆಜಿಯೂ ಕಷ್ಟ.

ಮಗಳು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದಾಳೆ. ಅವಳು ಹೇಳುವುದು, ದೊಡ್ಡ ದೊಡ್ಡ ಪಂಡಿತರು ಕಿತ್ತಾಡುವುದೂ ಇದಕ್ಕೇ ಅಂತೆ. ದುಡ್ಡು ಕೊಟ್ಟರೆ ಸೋರಿಕೆ ಕಡಿಮೆ, ಜನ ಬೇಕಾದ್ದು ಕೊಳ್ಳುತ್ತಾರೆ ಅನ್ನುವುದು ಒಂದು ಗುಂಪು. ಬೆಲೆ ಏರಿದಂತೆ ಆ ದುಡ್ಡು ಏರುವುದಿಲ್ಲ, ಬ್ಯಾಂಕೂ ದೂರ ಅನ್ನುವುದು ಇನ್ನೊಂದು. ರೀತಿಕಾ ಖೇರಾ ಅನ್ನುವ ಅರ್ಥಶಾಸ್ತ್ರಜ್ಞೆ 2011ರಲ್ಲಿ ಒಂಬತ್ತು ರಾಜ್ಯಗಳ ಹಳ್ಳಿ ಮನೆಗಳಲ್ಲಿ, ಧಾನ್ಯ ಬೇಕೋ ದುಡ್ಡು ಬೇಕೋ ಅಂತ ಕೇಳಿಸಿದ್ದರಂತೆ. ಮೂರರಲ್ಲಿ ಎರಡು ಪಾಲು ಜನ ಧಾನ್ಯವೇ ಸಾಕು ಅಂದರಂತೆ. ರೇಷನ್ ಅಂಗಡಿ ಕೆಟ್ಟಿದ್ದ ಬಿಹಾರದಲ್ಲಿ ಮಾತ್ರ ದುಡ್ಡು ಕೇಳಿದವರು ಜಾಸ್ತಿ. ಸರಿಯಾಗೇ ಇದೆ ಅಲ್ವಾ? ಅಂಗಡಿ ನೆಟ್ಟಗಿದ್ದರೆ ದುಡ್ಡು ಯಾರಿಗೆ ಬೇಕು?

ಹಾಗಂತ ದುಡ್ಡಿನ ಪರ ಇರುವವರನ್ನು ಸುಮ್ನೆ ಬೈಯುವಂತಿಲ್ಲ. ನಾವು ಮುದ್ದೆ ಉಣ್ಣುವವರು. ಆ 680ರಲ್ಲಿ ರಾಗಿ ತಂದಿದ್ದೂ ಉಂಟು, ಅತ್ತೆ ಖುಷಿಪಟ್ಟಿದ್ದರು. 2025ರ ಆರಂಭದಲ್ಲಿ ದುಡ್ಡು ನಿಂತು ಮತ್ತೆ ಅಕ್ಕಿ ಶುರುವಾಯಿತು. ಆಮೇಲೆ ದೋಸೆ, ಇಡ್ಲಿ ಎಲ್ಲ ಮಾಡಿದರೂ ಅಕ್ಕಿ ಮಿಗುತ್ತಿತ್ತು. ಬೀದಿಯಲ್ಲಿ ಗಾಡಿ ತಂದು ಮಿಕ್ಕ ಅಕ್ಕಿಯನ್ನು ಅಗ್ಗಕ್ಕೆ ಕೊಳ್ಳುವವರೂ ಇದ್ದಾರೆ. ಮಾರುವುದು ತಪ್ಪು, ಗೊತ್ತು. ಆದರೆ ಮಾರುವವರೆಲ್ಲ ಮಾಡುತ್ತಿರುವುದು ಅಕ್ಕಿಯನ್ನು ದುಡ್ಡು ಮಾಡಿಕೊಳ್ಳುವುದೇ, ಅದೂ ನಷ್ಟಕ್ಕೆ. ಅಕ್ಕಿಯೋ ರಾಗಿಯೋ ಬೇಳೆಯೋ, ಬೇಕಾದ್ದನ್ನು ಆರಿಸಿಕೊಳ್ಳಿ ಅಂತ ಅಂಗಡಿಯಲ್ಲೇ ಬಿಟ್ಟರೆ ನಾನು ಆ ಒಂದು ಸ್ಟಾರ್ ವಾಪಸ್ ಕೊಡುತ್ತೇನೆ. ದುಡ್ಡು ಬೇಡ.

ಹೊಸದಾಗಿ ಹೋಗುವವರಿಗೆ ಒಂದು ಮಾತು. ಅಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಸಿಗಬಹುದು, ತೊಳೆಯುವಾಗ ತೇಲಬಹುದು. ಪ್ಲಾಸ್ಟಿಕ್ ಅಲ್ಲ, ಕಬ್ಬಿಣಾಂಶ, ವಿಟಮಿನ್ ಸೇರಿಸಿ ಮಾಡಿದ ಕಾಳು. ಆರಿಸಿ ಎಸೆಯಬೇಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಬೆರಳು ಕೈಕೊಟ್ಟರೆ ಓಟಿಪಿ ಹೇಳಬಹುದು.