ಸಾರಾ, ಪ್ಲೇನ್ ಅಂಡ್ ಟಾಲ್: ಪುಟ್ಟ ಪುಸ್ತಕ, ದುಡ್ಡಿಗೆ ಮೋಸ ಇಲ್ಲ

ಆನ್‌ಲೈನಲ್ಲಿ ತರಿಸ್ದೆ, ಪ್ಯಾಕಿಂಗ್ ಬರೀ ತೆಳು ಕವರ್, ಮುಖಪುಟದ ಮೂಲೆ ಮಡಚೋಗಿತ್ತು, ಅದಕ್ಕೇ ಒಂದು ಸ್ಟಾರ್ ಕಟ್. ಪುಸ್ತಕ ಮಾತ್ರ ಸೂಪರ್. ಪೆಟ್ರೀಷಿಯಾ ಮೆಕ್ಲಾಕ್ಲನ್ ಬರ್ದಿದ್ದು 1985ರಲ್ಲಿ, ಮುಂದಿನ್ ವರ್ಷಾನೇ ನ್ಯೂಬೆರಿ ಮೆಡಲ್ ಬಂತು, ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡೋ ದೊಡ್ಡ ಪ್ರಶಸ್ತಿ ಅದು. ಮಗಳಿಗೆ ಅಂತ ತರಿಸಿದ್ದು, ಒಂದೇ ಸಲಕ್ಕೆ ಕೂತು ಮುಗಿಸಿದ್ದು ನಾನು.

ಕಥೆ ಇಷ್ಟೇ, ಅಮೆರಿಕದ ಬಯಲು ಸೀಮೆಲಿ ಹೆಂಡ್ತಿ ಕಳ್ಕೊಂಡ ರೈತ, ಇಬ್ರು ಮಕ್ಳು, ಹೆಂಡ್ತಿ ಬೇಕು ಅಂತ ಪೇಪರಲ್ಲಿ ಜಾಹೀರಾತು ಕೊಡ್ತಾನೆ, ದೂರದ ಮೇಯ್ನ್ ಕಡಲ ತೀರದಿಂದ ಸಾರಾ ಅನ್ನೋಳು ಕಾಗದ ಬರ್ದು, ಆಮೇಲೆ ತನ್ನ ಬೆಕ್ಕನ್ನೂ ಕರ್ಕೊಂಡು ರೈಲು ಹತ್ತಿ, ಒಂದ್ ತಿಂಗ್ಳು ಇದ್ದು ನೋಡ್ತೀನಿ ಅಂತ ಬಂದೇಬಿಡ್ತಾಳೆ. ನಮ್ ಪೇಪರ್‌ಗಳ ವಧು-ವರ ಕಾಲಂ ಥರಾನೇ ಅನ್ಕೊಳಿ, ಜಾತಕ ಒಂದಿಲ್ಲ ಅಷ್ಟೇ.

ಲವ್ ಡೈಲಾಗ್ ಹುಡುಕ್ಬೇಡಿ, ಸಿಗಲ್ಲ. ಅವ್ಳು ಊರಿನ ಮರಳು ದಿಬ್ಬ ನೆನಸ್ಕೊಂಡ್ರೆ ಇವ್ನು ಕೊಟ್ಟಿಗೆ ಪಕ್ಕದ ಹುಲ್ಲಿನ ಬಣವೆ ತೋರ್ಸಿ ನಮ್ಮ ದಿಬ್ಬ ಇದೇ ಅಂತಾನೆ, ಅವ್ಳು ಹತ್ತಿ ಮಕ್ಳ ಜೊತೆ ಜಾರ್ತಾಳೆ. ಅಷ್ಟ್ರಲ್ಲೇ ಎಲ್ಲಾ ಅರ್ಥ ಆಗುತ್ತೆ ಕಣ್ರಿ. ಆಮೇಲೆ ಒಂದಿನ ಒಬ್ಳೇ ಗಾಡಿ ಹೊಡ್ಕೊಂಡು ಪೇಟೆಗೆ ಹೋಗ್ತಾಳೆ, ಮಕ್ಳು ಇನ್ ಬರಲ್ವೇನೋ ಅಂತ ಒದ್ದಾಡ್ತವೆ, ಅಲ್ಲಿ ನನ್ ಕಣ್ಣೂ ಒದ್ದೆ.

ಕಂಪ್ಲೇಂಟ್ ಅಂದ್ರೆ ಬೇಗ ಮುಗ್ದೋಗುತ್ತೆ, ಅಪ್ಪನ ಮನಸ್ಸಲ್ಲಿ ಏನಿದೆ ಅಂತ ಇನ್ನೊಂಚೂರು ಬೇಕಿತ್ತು, ಕಥೆ ಹೇಳೋದು ಮಗಳು ಆನಾ ಆಗಿರೋದ್ರಿಂದ ಅವ್ಳಿಗೆ ಕಂಡಷ್ಟೇ ನಮ್ಗೂ. ಈಗ ನನ್ ಮಗಳು ಓದ್ತಿದಾಳೆ, ಸಾರಾ ಥರ ಬೆಕ್ಕಿಗೆ ಸೀಲ್ ಅಂತ ಕಡಲ ಪ್ರಾಣಿ ಹೆಸರು ಯಾರಾದ್ರೂ ಇಡ್ತಾರಾ ಅಂತ ಬೆಳಗ್ಗೆಯಿಂದ ತಲೆ ತಿಂತಿದಾಳೆ.