ಗ್ರಾಸ್ ಜಿಐಎಸ್‌ನಲ್ಲಿ ಸೆಟ್ಟಿಂಗ್ ಎಲ್ಲಿಡಬೇಕು: ಸೆಷನ್, ಮ್ಯಾಪ್‌ಸೆಟ್, ಶೆಲ್

ನಕ್ಷೆ, ಭೂ-ದತ್ತಾಂಶಗಳ ತಂತ್ರಾಂಶವಾದ ಗ್ರಾಸ್‌ನಲ್ಲಿ ಒಂದೇ ಬಗೆಯ ಸೆಟ್ಟಿಂಗ್ ಇಡಲು ಮೂರು ಜಾಗಗಳಿವೆ: ಸೆಷನ್ (ಗ್ರಾಸ್ ತೆರೆದು ಮುಚ್ಚುವವರೆಗಿನ ಅವಧಿ), ಮ್ಯಾಪ್‌ಸೆಟ್ (ನಕ್ಷೆಗಳನ್ನಿಡುವ ಫೋಲ್ಡರ್), ಶೆಲ್ (ಕಮಾಂಡ್ ಬರೆಯುವ ಕಿಟಕಿ). ಆಯ್ಕೆ ತಪ್ಪಿದರೆ ನಕ್ಷೆಯೇ ಅಳಿಸಿಹೋಗಬಹುದು.

ಜಿ.ಜಿಐಎಸ್‌ಎನ್ವ್ ಕಮಾಂಡ್‌ನಿಂದ ಇಟ್ಟದ್ದು ಸಾಮಾನ್ಯವಾಗಿ ಸೆಷನ್‌ನ ಜಿಐಎಸ್‌ಆರ್‌ಸಿ ಫೈಲಿಗೆ ಹೋಗುತ್ತದೆ. ದೋಷ ಹುಡುಕಲು ಡೀಬಗ್=3 ಹಾಕುವುದಕ್ಕೆ ಇದು ಸಲೀಸು. ಆದರೆ ಓವರ್‌ರೈಟ್=1 ಹಾಕಿದರೆ ನಂತರ ಓಡುವ ಪ್ರತಿ ಕಮಾಂಡೂ ಅದೇ ಹೆಸರಿನ ಹಳೆಯ ನಕ್ಷೆಯಿದ್ದರೆ ಅದನ್ನು ಕೇಳದೇ ಅಳಿಸಿ ಹೊಸದನ್ನು ಬರೆಯುತ್ತದೆ. ಅದಕ್ಕಿಂತ ಶೆಲ್‌ನಲ್ಲಿ ಗ್ರಾಸ್_ಓವರ್‌ರೈಟ್=1 ಎಂದು ಆ ಒಂದು ಕಮಾಂಡಿನ ಮುಂದಷ್ಟೇ ಬರೆಯುವುದು ಎಷ್ಟೋ ಕ್ಷೇಮ.

ಜಿ.ಜಿಐಎಸ್‌ಎನ್ವ್‌ಗೆ ಸ್ಟೋರ್=ಮ್ಯಾಪ್‌ಸೆಟ್ ಎಂದು ಸೇರಿಸಿದರೆ ಸೆಟ್ಟಿಂಗ್ ಮ್ಯಾಪ್‌ಸೆಟ್‌ನ ವಿಎಆರ್ ಫೈಲಿನಲ್ಲಿ ಕೂರುತ್ತದೆ, ಸೆಷನ್ ಮುಗಿದರೂ ಉಳಿಯುತ್ತದೆ. ಡೇಟಾಬೇಸ್ ಸಂಪರ್ಕದಂಥವಕ್ಕೆ ಇದೇ ತಾಣ.

ಒಂದೇ ಮ್ಯಾಪ್‌ಸೆಟ್‌ನಲ್ಲಿ ಹಲವು ಸ್ಕ್ರಿಪ್ಟ್ ಒಟ್ಟಿಗೆ ಓಡಿಸುವವರು (ಗ್ರಾಸ್_ಓವರ್‌ರೈಟ್‌ನಂಥ) ಶೆಲ್ ವೇರಿಯಬಲನ್ನೇ ಹಿಡಿಯಿರಿ. ಲೆಕ್ಕದ ಪ್ರದೇಶ ಮತ್ತು ರೆಸಲ್ಯೂಷನ್ (ನಕ್ಷೆಯ ಚೌಕದ ಅಳತೆ) ಹೊಂದಿಸುವ ಜಿ.ರೀಜನ್ ಕಮಾಂಡ್ ಬದಲಿಸುವುದು ಆ ಮ್ಯಾಪ್‌ಸೆಟ್‌ನ ಎಲ್ಲ ಸ್ಕ್ರಿಪ್ಟ್‌ಗಳೂ ಓದುವ ವಿಂಡ್ ಫೈಲನ್ನು. ಒಂದು ಸ್ಕ್ರಿಪ್ಟ್ ರೆಸಲ್ಯೂಷನ್ 30 ಮೀಟರಿಗೆ ಬದಲಿಸಿದರೆ, 10 ಮೀಟರಿನ ಲೆಕ್ಕದಲ್ಲಿರುವ ಇನ್ನೊಂದರ ಮುಂದಿನ ಕಮಾಂಡ್ ಸದ್ದಿಲ್ಲದೆ ಕೆಡುತ್ತದೆ. ಪ್ರತಿ ಪ್ರಕ್ರಿಯೆಗೂ ಬೇರೆ ವಿಂಡ್_ಓವರ್‌ರೈಡ್ ಅಥವಾ ಗ್ರಾಸ್_ರೀಜನ್ ವೇರಿಯಬಲ್ ಕೊಟ್ಟರೆ ಆ ಡಿಕ್ಕಿ ತಪ್ಪುತ್ತದೆ.

ಮ್ಯಾಪ್‌ಸೆಟ್ ಬದಲಿಸಲು ಜಿ.ಜಿಐಎಸ್‌ಎನ್ವ್ ಬೇಡ, ಜಿ.ಮ್ಯಾಪ್‌ಸೆಟ್ ಬಳಸಿ. ಬೇರೆಯವರು ಕೆಲಸ ಮಾಡುತ್ತಿರುವ ಮ್ಯಾಪ್‌ಸೆಟ್‌ಗೆ ಬೀಗವಿದೆಯೇ ಎಂದು ಅದು ನೋಡುತ್ತದೆ.