ಲೇಹ್‌ಗೆ ಎರಡು ದಾರಿ: ಹತ್ತುವುದು ಎಲ್ಲಿಂದ, ಇಳಿಯುವುದು ಎಲ್ಲಿಂದ?

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಬಿಸಿಲು ಏರಿತೆಂದರೆ ಲಡಾಖಿನ ಮಾತು ಶುರುವಾಗುತ್ತದೆ. ವಿಮಾನ ಬೇಡ, ರಸ್ತೆಯಲ್ಲೇ ಹೋಗಬೇಕು ಎನ್ನುವವರು ಕೇಳುವುದು ಒಂದನ್ನೇ: ಶ್ರೀನಗರದಿಂದಲೋ, ಮನಾಲಿಯಿಂದಲೋ? ಎರಡೂ ದಾರಿಗಳಲ್ಲಿ ಓಡಾಡಿದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ. ಮೊದಲ ಸಲ ಹೋಗುವವರು, ಅದರಲ್ಲೂ ಮನೆಯ ಹಿರಿಯರನ್ನು ಕರೆದೊಯ್ಯುವವರು, ಶ್ರೀನಗರದ ಕಡೆಯಿಂದಲೇ ಹತ್ತಬೇಕು. ಮನಾಲಿಯ ದಾರಿ ಇಳಿಯುವುದಕ್ಕಿರಲಿ.

ದೂರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡೂ 400 ಕಿ.ಮೀ. ಮೀರಿದ ದಾರಿಗಳೇ. ಎತ್ತರದ ವಿಷಯ ಬಂದಾಗ ಎಲ್ಲರೂ ಪಾಸ್‌ಗಳ, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿಗಳ, ಅಂಕಿ ಹೇಳುತ್ತಾರೆ. ಇಲ್ಲಿ ಪಾಸ್‌ಗೆ 'ಲಾ' ಎನ್ನುತ್ತಾರೆ. ಶ್ರೀನಗರದ ಕಡೆ ಜೋಜಿ ಲಾ 3,528 ಮೀಟರ್, ಫೋತು ಲಾ 4,108 ಮೀಟರ್. ಮನಾಲಿಯ ಕಡೆ ತಂಗ್ಲಾಂಗ್ ಲಾ 5,328 ಮೀಟರ್. ಆದರೆ ಪಾಸ್ ಮೇಲೆ ನಾವು ನಿಲ್ಲುವುದು ಒಂದು ಫೋಟೊ ತೆಗೆಯುವಷ್ಟು ಹೊತ್ತು. ಮೈಗೆ ಲೆಕ್ಕ ರಾತ್ರಿ ಮಲಗುವ ಜಾಗದ್ದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎನ್ನುತ್ತಾರೆ ವೈದ್ಯರು. ಶ್ರೀನಗರ ಸುಮಾರು 1,600 ಮೀಟರ್, ಮರುರಾತ್ರಿಯ ಕಾರ್ಗಿಲ್ ಸುಮಾರು 2,700, ಆಮೇಲೆ ಲೇಹ್ 3,500. 3,000ದ ಮೇಲಿನ ಏರಿಕೆ 500 ಮೀಟರ್ ಮಾತ್ರ, ಹದವಾಗಿದೆ. ಮನಾಲಿಯಿಂದ ಹೊರಟವರು ಜಿಸ್ಪಾದಲ್ಲಿ ಸುಮಾರು 3,200 ಮೀಟರಿನಲ್ಲಿ ಮಲಗಿ, ಮರುದಿನ ಸರ್ಚುವಿನ ಡೇರೆಯಲ್ಲಿ 4,200 ಮೀಟರ್ ಮೀರಿದ ಜಾಗದಲ್ಲಿ ಮಲಗುತ್ತಾರೆ. ಒಂದೇ ದಿನಕ್ಕೆ ಸಾವಿರ ಮೀಟರ್!

ಆ ಸರ್ಚುವಿನ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಪುಣೆಯಿಂದ ಒಯ್ದಿದ್ದ ಬಾಕರವಡಿಯ ಪೊಟ್ಟಣ ದಿಂಬಿನಂತೆ ಉಬ್ಬಿ ನಿಂತಿತ್ತು. ಹೊರಗಿನ ಗಾಳಿಯ ಒತ್ತಡ ಅಷ್ಟು ಇಳಿದಿತ್ತು. ಅಲ್ಲಿ ನೀರು ಕುದಿಯುವುದು ಸುಮಾರು 86 ಡಿಗ್ರಿಗೆ, ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ವಾರವಾರ ಸಿಂಹಗಡ ಹತ್ತಿ ಪಿಠಲ-ಭಾಕರಿ ತಿಂದು ಇಳಿಯುವ ನನ್ನ ಭಾವನವರು ಅಂದು ತುತ್ತು ಮುಟ್ಟಲಿಲ್ಲ. ತಲೆನೋವು, ವಾಂತಿ. "ಕೆಳಗೆ ಕರೆದುಕೊಂಡು ಹೋಗಪ್ಪಾ" ಎಂದರು. ಆ ದಾರಿಯ ಸಂಕಟ ಇರುವುದು ಇಲ್ಲೇ: ಸರ್ಚುವಿನಿಂದ ಕೆಳಗಿಳಿಯಬೇಕೆಂದರೂ ಮೊದಲು ಮೇಲೆ ಹತ್ತಬೇಕು. ಹಿಂದಕ್ಕೆ ಹೋದರೆ ಬಾರಾಲಾಚಾ ಲಾ ಅಡ್ಡ, ಮುಂದಕ್ಕೆ ಹೋದರೆ ಲಾಚುಲುಂಗ್ ಲಾ, ತಂಗ್ಲಾಂಗ್ ಲಾ. ಸಿಂಹಗಡದ ಎತ್ತರ 1,300 ಮೀಟರಿನ ಆಸುಪಾಸು. ಅದನ್ನು ಹತ್ತಿದ ಕಾಲಿನ ಬಲ ವಿರಳ ಗಾಳಿಯಲ್ಲಿ ರಕ್ಷಣೆ ಕೊಡುವುದಿಲ್ಲ ಎಂಬುದನ್ನು ನಮ್ಮ ಚಾರಣಿಗ ಗೆಳೆಯರಿಗೆ ಒತ್ತಿ ಹೇಳಬೇಕೆನಿಸುತ್ತದೆ.

ಇತಿಹಾಸಕ್ಕೆ ಬಂದರಂತೂ ಶ್ರೀನಗರದ ದಾರಿಗೆ ಸಾಟಿಯೇ ಇಲ್ಲ. ಪಶ್ಮೀನಾ ಉಣ್ಣೆ ಹೊತ್ತ ಕುದುರೆಗಳು ಲಡಾಖಿನಿಂದ ಕಾಶ್ಮೀರಕ್ಕೆ ಇಳಿಯುತ್ತಿದ್ದದ್ದು ಈ ಜೋಜಿ ಲಾ ದಾಟಿಯೇ. 1948ರಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶತ್ರುಗಳು ಅದನ್ನು ಹಿಡಿದುಕೊಂಡಾಗ ಲೇಹ್‌ನ ದಾರಿಯೇ ಕಟ್ಟಿಹೋಗಿತ್ತು. ಅದನ್ನು ಬಿಡಿಸಿದವರು ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ, ಆಗ ಮೇಜರ್ ಜನರಲ್. ಪಾಸ್‌ನ ಬುಡದ ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಎಂಜಿನಿಯರ್ ಪಡೆಯವರು. 1948ರ ನವೆಂಬರ್ 1ರಂದು ಸ್ಟುವರ್ಟ್ ಟ್ಯಾಂಕ್‌ಗಳು ಹಿಮದ ನಡುವೆ ಮೇಲೇರಿದಾಗ ಎದುರಾಳಿಗಳಿಗೆ ಅದು ಊಹೆಗೂ ಮೀರಿದ್ದಾಗಿತ್ತು. ಅದೇ ತಿಂಗಳು ಕಾರ್ಗಿಲ್ ಕೂಡ ಮರಳಿ ಕೈಸೇರಿತು. ಜೋಜಿ ಲಾದ ದೂಳು ತುಂಬಿದ ತಿರುವಿನಲ್ಲಿ, ಲಾರಿಗೆ ದಾರಿ ಬಿಟ್ಟು ಬಂಡೆಗೆ ಒತ್ತಿ ನಿಂತ ಕಾರಿನಲ್ಲಿ ಕುಳಿತು, ಭಾವನವರಿಗೆ ಇದನ್ನು ಹೇಳಿದಾಗ ಅವರು ಬಾಗಿಲು ತೆರೆದು ಕೆಳಗಿಳಿದು ಆ ಕೊರಕಲನ್ನು ನೋಡುತ್ತಾ ನಿಂತರು.

ಮುಂದೆ ದ್ರಾಸ್. ಹೆದ್ದಾರಿಯ ಪಕ್ಕದಲ್ಲೇ, ತೋಲೋಲಿಂಗ್ ಬೆಟ್ಟದ ಬುಡದಲ್ಲಿ, 1999ರ ಕಾರ್ಗಿಲ್ ಯುದ್ಧದ ಸ್ಮಾರಕವಿದೆ. ಅಲ್ಲಿ ನಿಂತು ತಲೆಯೆತ್ತಿದರೆ ಬೆಟ್ಟದ ಮೇಲಿದ್ದ ಶತ್ರುಗಳಿಗೆ ಕೆಳಗಿನ ಪ್ರತಿ ವಾಹನವೂ ಹೇಗೆ ಕಾಣುತ್ತಿತ್ತು ಎಂಬುದು ತಾನೇ ಅರ್ಥವಾಗುತ್ತದೆ. ಪುಸ್ತಕ ಓದಿ ಬಂದವರಿಗೂ ಆ ಇಳಿಜಾರು ನೋಡುವವರೆಗೆ ಯುದ್ಧದ ಕಷ್ಟ ಪೂರ್ತಿ ತಿಳಿದಿರುವುದಿಲ್ಲ. ಲಾಮಾಯೂರು ಮಠ, ಅದರ ಸುತ್ತಲಿನ ಸುಕ್ಕುಗಟ್ಟಿದ ಹಳದಿ ಮಣ್ಣಿನ ದಿಬ್ಬಗಳು ಇದೇ ದಾರಿಯಲ್ಲಿವೆ.

ಮನಾಲಿಯ ಹೆದ್ದಾರಿ ಪ್ರವಾಸಿಗರಿಗೆ ತೆರೆದದ್ದು 1989ರಲ್ಲಿ. 2020ರಲ್ಲಿ ಅಟಲ್ ಸುರಂಗ ಬಂದ ಮೇಲೆ ರೋಹ್ತಾಂಗ್ ಪಾಸ್ ಹತ್ತುವ ತಾಪತ್ರಯ ತಪ್ಪಿದೆ, 9 ಕಿ.ಮೀ. ಕತ್ತಲು ದಾಟಿದರೆ ಲಾಹೌಲ್ ಕಣಿವೆ. ಹಳ್ಳಿಗಳು ಕಡಿಮೆ, ಹಾಗಾಗಿ ಕೇಳುವ ಕಥೆಗಳೂ ಕಡಿಮೆ. ಆದರೆ ನೋಟದಲ್ಲಿ ಇದು ಶ್ರೀನಗರದ ದಾರಿಯನ್ನು ಮೀರಿಸುತ್ತದೆ, ಸಂಶಯವೇ ಬೇಡ. ಗಾಟಾ ಲೂಪ್ಸ್‌ನ 21 ತಿರುವುಗಳು, ಮೋರೆ ಬಯಲಿನ ಮುಗಿಯದ ನೇರ ರಸ್ತೆ, ಅಂಚಿನಲ್ಲಿ ಬಣ್ಣ ಬದಲಿಸುತ್ತಾ ಸಾಗುವ ಬೆಟ್ಟಗಳು. ಲೇಹ್‌ನಲ್ಲಿ ಕೆಲವು ದಿನ ಇದ್ದು ಮೈ ಒಗ್ಗಿಸಿಕೊಂಡು ಈ ಕಡೆಯಿಂದ ಇಳಿದಾಗ ಅದೇ ಭಾವನವರು ಅದೇ ಸರ್ಚುವಿನಲ್ಲಿ ಹೊಟ್ಟೆ ತುಂಬ ಉಂಡರು.

ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದಂತೆ ಹಿಮ ಕರಗಿ, ರಸ್ತೆ ಅಡ್ಡಹಾಯುವ ಹಳ್ಳಗಳು ಮಧ್ಯಾಹ್ನದ ಹೊತ್ತಿಗೆ ಉಕ್ಕುತ್ತವೆ. ಬೆಳಿಗ್ಗೆ ಪಾದ ಮುಳುಗದ ಹಳ್ಳದಲ್ಲಿ ಸಂಜೆ ಕಾರು ಸಿಕ್ಕಿಬೀಳುತ್ತದೆ. ಇಳಿಯುವವರು ಲೇಹ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು.

ಶಾಲೆಗೆ ಹೋಗುವ ಮಕ್ಕಳಿರುವ ಪುಣೆಯ ಮನೆಗಳಿಗೆ ಇನ್ನೊಂದು ಮಾತು. ನಮ್ಮ ಶಾಲೆಗಳು ಜೂನ್ ನಡುವಿಗೆ ತೆರೆಯುತ್ತವೆ. ಮನಾಲಿಯ ಕಡೆಯ ಎತ್ತರದ ಪಾಸ್‌ಗಳ ಹಿಮ ತೆರವಾಗುವುದು ಸಾಮಾನ್ಯವಾಗಿ ಜೋಜಿ ಲಾಕ್ಕಿಂತ ತಡ. ಮೇ ತಿಂಗಳಲ್ಲೇ ಹೋಗಬೇಕಾದವರು ಶ್ರೀನಗರದಿಂದಲೇ ಹೋಗಿ ಅಲ್ಲಿಂದಲೇ ಮರಳಲಿ. ಮನಾಲಿಯ ದಾರಿಯನ್ನು ಗಣಪತಿ ಹಬ್ಬ ಮುಗಿದ ಸೆಪ್ಟೆಂಬರಿಗೆ ಇಟ್ಟುಕೊಳ್ಳಲಿ. ಆಗ ಹಳ್ಳಗಳ ನೀರೂ ಇಳಿದಿರುತ್ತದೆ.